ಅಕ್ಕನ ಊರಿಗೆ ಹೊರಡೋ ಮುಂಚೆ ಕೇಳ್ಬೇಕಾಗಿದ್ದ ಒಂದು ಮಾತು

ಈ ಪ್ರಕರಣ ಬರೀಬಹುದಾ ಅಂತ ತಾಯಿ ಮಗಳು ಇಬ್ಬರನ್ನೂ ಕೇಳಿ, ಬರೆದಿದ್ದನ್ನ ಅವರ ಮುಂದೆ ಓದಿ, ಒಪ್ಪಿಗೆ ತಗೊಂಡೇ ಹಾಕ್ತಿದೀನಿ. ಹೆಸರು, ಎಸ್ಟೇಟು, ಕೆಲಸ, ಗುರುತು ಸಿಗೋ ವಿವರ ಎಲ್ಲಾ ಬದಲಿಸಿದೀನಿ. ತಾಯಿನ ಪಾರ್ವತಮ್ಮ ಅಂತ, ಮಗಳನ್ನ ಸೆಲ್ವಿ ಅಂತ ಕರೀತೀನಿ.

ಸೆಲ್ವಿಗೆ 36 ವರ್ಷ, ಚಿಕ್ಕಮಗಳೂರಲ್ಲಿ ಒಂದು ಖಾಸಗಿ ಸ್ಕೂಲಲ್ಲಿ ಟೀಚರ್. ನನ್ನ ಹತ್ರ ಆಪ್ತಸಮಾಲೋಚನೆಗೆ ಮೊದಲು ಬಂದಿದ್ದು ಅವಳೊಬ್ಳೇ. "ಮೇಡಂ, ಅಮ್ಮ ನಾಲ್ಕು ವರ್ಷದಿಂದ ಶ್ರೀಲಂಕಾಗೆ ಹೋಗ್ಬೇಕು, ದೊಡ್ಡಮ್ಮನ್ನ ನೋಡ್ಬೇಕು ಅಂತ ಪ್ರಾಣ ತಿಂದ್ರು, ಈಗ ಪಾಸ್‌ಪೋರ್ಟ್ ಕೈಗೆ ಬಂದಿದೆ, ಟಿಕೆಟ್ ಬುಕ್ ಮಾಡ್ತೀನಿ ಅಂದ್ರೆ ನಿದ್ದೆನೇ ಮಾಡ್ತಿಲ್ಲ, ಬಿಪಿ ಏರಿದೆ, ಇವತ್ತು ಹೋಗಣ ಅಂತಾರೆ ನಾಳೆ ನಂಗ್ಯಾಕೆ ಈ ವಯಸ್ಸಲ್ಲಿ ಅಂತಾರೆ, ನಾನು ಲೀವ್ ಹಾಕಿದೀನಿ, ಚೀಟಿ ಎತ್ತಿ ದುಡ್ಡು ಹೊಂದಿಸಿದೀನಿ." ಹಾಸನದಲ್ಲಿ ಪಿಕಪ್ ಇಟ್ಕೊಂಡಿರೋ ಅಣ್ಣ ಬೇರೆ, ಕಂಡೂ ಕಾಣದ ನೆಂಟರಿಗೆ ದುಡ್ಡು ಸುರಿಯೋಕೆ ಹೊರಟಿದೀರಾ ಅಂತ ಫೋನಲ್ಲಿ ಕೂಗಾಡಿದಾನಂತೆ.

ಹಿನ್ನೆಲೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಇದು ಗೊತ್ತಿಲ್ದೇ ಪಾರ್ವತಮ್ಮನ ಸಂಕಟ ಅರ್ಥ ಆಗಲ್ಲ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನ ಬರಗಾಲದ ಊರುಗಳಿಂದ ಜನ ಸಿಲೋನಿನ, ಅಂದ್ರೆ ಈಗಿನ ಶ್ರೀಲಂಕಾದ, ಕಾಫಿ ತೋಟಕ್ಕೆ, ಆಮೇಲೆ ಟೀ ತೋಟಕ್ಕೆ ಕೂಲಿಗೆ ಹೋದ್ರು. ತಲೆತಲಾಂತರ ಅಲ್ಲೇ ಹುಟ್ಟಿ ಬೆಳೆದೋರಿಗೆ ಸಿಲೋನ್ ಸ್ವತಂತ್ರ ಆದ 1948ರಲ್ಲೇ ಬಂದ ಪೌರತ್ವ ಕಾನೂನಿಂದ ಯಾವ ದೇಶನೂ ಇಲ್ದಂಗಾಯ್ತು. 1964ರಲ್ಲಿ ನಮ್ಮ ಶಾಸ್ತ್ರೀಜಿ ಮತ್ತೆ ಅಲ್ಲಿನ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆ ಕೂತು ಒಪ್ಪಂದ ಮಾಡ್ಕೊಂಡ್ರು: 5,25,000 ಜನ ಇಂಡಿಯಾಗೆ, 3,00,000 ಜನ ಅಲ್ಲಿಗೆ. ಉಳಿದ 1,50,000 ಜನರನ್ನ 1974ರಲ್ಲಿ ಎರಡೂ ದೇಶ ಅರ್ಧರ್ಧ ಹಂಚ್ಕೊಂಡ್ವು. ಲೆಕ್ಕ ಹಾಕಿ ಮನುಷ್ಯರನ್ನ ಹಂಚಿದ್ದು ಇದು, ನಂಗೆ ಇದನ್ನ ಮೆತ್ತಗೆ ಹೇಳಕ್ಕೆ ಬರಲ್ಲ. ಒಂದೇ ಮನೇಲಿ ಅಪ್ಪ ಒಂದು ಕಡೆ ಅರ್ಜಿ ಹಾಕಿದ್ರೆ ಮದುವೆಯಾದ ಮಗಳ ಗಂಡ ಇನ್ನೊಂದು ಕಡೆ ಹಾಕಿರ್ತಿದ್ದ.

ಪಾರ್ವತಮ್ಮನ ಮನೇಲಿ ಆಗಿದ್ದು ಅದೇ. ಅವರಪ್ಪ ಇಂಡಿಯಾಗೆ ಬರ್ಕೊಟ್ಟಿದ್ರು, ಆದ್ರೆ ಇಂಡಿಯಾನ ಅವರು ಕಣ್ಣಲ್ಲೂ ಕಂಡಿರ್ಲಿಲ್ಲ. ಅಕ್ಕನ ಗಂಡ ಅಲ್ಲೇ ಇರ್ತೀವಿ ಅಂತ ಬರ್ಕೊಟ್ಟಿದ್ದ. 1973ರಲ್ಲಿ ಪಾರ್ವತಮ್ಮಂಗೆ 12 ವರ್ಷ. ಹ್ಯಾಟನ್ ಹತ್ರದ ಟೀ ಎಸ್ಟೇಟಿಂದ ರೈಲಲ್ಲಿ ತಲೈಮನ್ನಾರ್‌ಗೆ, ಅಲ್ಲಿಂದ ಹಡಗಲ್ಲಿ ರಾಮೇಶ್ವರಕ್ಕೆ, ಸಿಲೋನಿಂದ ಬಂದೋರನ್ನ ಇಳಿಸ್ಕೊಳ್ತಿದ್ದ ಮಂಡಪಂ ಕ್ಯಾಂಪಲ್ಲಿ ಕಾದು, ಆಮೇಲೆ ಸುಳ್ಯದ ಕಡೆ ರಬ್ಬರ್ ತೋಟಕ್ಕೆ. ಸಿಲೋನಿಂದ ಬಂದೋರಿಗೆ ಅಂತಲೇ ಸರ್ಕಾರ ಸುಳ್ಯ ಪುತ್ತೂರು ಕಡೆ ರಬ್ಬರ್ ತೋಟದಲ್ಲಿ ಕೆಲಸ ಕೊಟ್ಟಿತ್ತು. ಮದುವೆ ಆದ್ಮೇಲೆ ಚಾರ್ಮಾಡಿ ಹತ್ತಿ ಮೂಡಿಗೆರೆ ಕಡೆ ಕಾಫಿ ಎಸ್ಟೇಟಲ್ಲಿ ಕೂಲಿಯೋರಿಗೆ ಸಾಲಾಗಿ ಕಟ್ಟಿರೋ ಲೈನ್ ಮನೆಗೆ ಬಂದ್ರು. ಅಕ್ಕನೂ ಅಲ್ಲಿ ಲೈನ್ ಮನೇಲೇ ಜೀವನ ಕಳೆದಿದ್ದು.

ಕೋವಿಡ್ ಟೈಮಲ್ಲಿ ಸೆಲ್ವಿ ಫೇಸ್‌ಬುಕ್ಕಲ್ಲಿ ಹುಡುಕಿ ದೊಡ್ಡಮ್ಮನ ಮೊಮ್ಮಗನ್ನ ಹಿಡಿದಿದಾಳೆ. ಅವತ್ತಿಂದ ವಾಟ್ಸಾಪ್ ವಿಡಿಯೋ ಕಾಲು. ಊಟ ಆಯ್ತಾ, ಮಳೆನಾ, ಕಾಲು ನೋವು ಹೆಂಗಿದೆ, ಅಷ್ಟೇ. ಇಬ್ಬರೂ ಅಳ್ತಾರೆ, ನೆಟ್‌ವರ್ಕ್ ಹೋಗುತ್ತೆ, ಕಾಲ್ ಮುಗಿಯುತ್ತೆ.

ಎರಡನೇ ಸಲ ಪಾರ್ವತಮ್ಮನ್ನ ಒಬ್ಬರನ್ನೇ ಕೂರಿಸ್ಕೊಂಡೆ, ಮಗಳನ್ನ ಹೊರಗೆ ಕಳಿಸಿ. ಹೋಗಕ್ಕೆ ಯಾಕೆ ಭಯ ಅಂತ ಕೇಳ್ಲಿಲ್ಲ. ಅಕ್ಕನ ಮನೆ ಬಾಗಿಲಲ್ಲಿ ನಿಂತಾಗ ಅಕ್ಕ ಮೊದಲು ಏನು ಕೇಳ್ತಾರೆ ಅನ್ಸುತ್ತೆ ನಿಮಗೆ, ಅಂತ ಕೇಳ್ದೆ. ತುಂಬಾ ಹೊತ್ತು ಸುಮ್ನಿದ್ರು. ಆಮೇಲೆ ಬ್ಯಾಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ್ರು, ರೇಷನ್ ಕಾರ್ಡ್ ಇಡೋ ಅಂಥದ್ದು. ಅದರೊಳಗೆ ನೀಲಿ ಏರೋಗ್ರಾಮ್ ಒಂದು, ವಿದೇಶಕ್ಕೆ ಬರೆಯೋ ಮಡಚೋ ಕಾಗದ. ಮಡಿಕೆ ಮಡಿಕೆಲೂ ಹರಿದು ನಾಲ್ಕು ತುಂಡಾಗಿತ್ತು, ಹಿಂದುಗಡೆ ಸೆಲ್ಲೋ ಟೇಪ್ ಹಚ್ಚಿ ಅದೂ ಹಳದಿ ತಿರುಗಿತ್ತು. ತಮಿಳಲ್ಲಿ ಬರೆದಿದ್ದು, ಅಕ್ಷರ ಅಕ್ಕಂದಲ್ಲ, ಅಕ್ಕಂಗೆ ಓದು ಬರಹ ಇಲ್ಲ, ಯಾರ ಕೈಲೋ ಬರೆಸಿದ್ದು. 1983ರ ಜುಲೈನಲ್ಲಿ ತಮಿಳರ ಮೇಲೆ ಗಲಭೆ ಆಯ್ತಲ್ಲ, ಅದು ಕೊಲಂಬೋಗೆ ನಿಲ್ಲದೆ ಟೀ ಸೀಮೆಯ ಊರುಗಳಿಗೂ ಬಂತು. ಅದಾಗಿ ನಾಲ್ಕು ತಿಂಗಳಿಗೆ ಬಂದ ಕಾಗದ. "ಇಲ್ಲಿ ಬದುಕೋ ಹಂಗಿಲ್ಲ ತಂಗಿ, ಒಂಬತ್ತು ವರ್ಷದ ಮಗಳನ್ನ ಆ ಕಡೆ ಬರೋರ ಜೊತೆ ಕಳಿಸ್ತೀನಿ, ಇಟ್ಕೋತೀಯಾ" ಅಂತ.

ಪಾರ್ವತಮ್ಮ ಉತ್ತರ ಬರೀಲಿಲ್ಲ. ಆಗ ಅವರಿಗೆ 22, ಹೊಸದಾಗಿ ಮದುವೆ, ಒಂದು ರೂಮಿನ ಲೈನ್ ಮನೇಲಿ ಅತ್ತೆ ಮಾವ ಮೈದುನ ಸೇರಿ ಆರು ಜನ, ಹೊಟ್ಟೇಲಿ ದೊಡ್ಡ ಮಗ. ಗಂಡನ್ನ ಕೇಳಕ್ಕೂ ಧೈರ್ಯ ಆಗ್ಲಿಲ್ಲ. ನಾಳೆ ಬರೀತೀನಿ ನಾಡಿದ್ದು ಬರೀತೀನಿ ಅಂತ ವರ್ಷ ಕಳೀತು, ಅಷ್ಟರಲ್ಲಿ ಶ್ರೀಲಂಕಾದ ಒಳಗಿನ ಯುದ್ಧ ಜೋರಾಗಿ ಹಡಗೂ ನಿಂತೋಯ್ತು. ಈಗ ನಾಲ್ಕು ವರ್ಷದಿಂದ ವಿಡಿಯೋ ಕಾಲಲ್ಲಿ ಅಕ್ಕ ಗಂಡುಮಕ್ಕಳನ್ನ ತೋರಿಸಿದಾರೆ, ಸೊಸೆಯರನ್ನ, ಮೊಮ್ಮಕ್ಕಳನ್ನ, ಆಡು ಕೋಳಿ ಸಮೇತ ತೋರಿಸಿದಾರೆ. ಆ ಮಗಳನ್ನ ತೋರಿಸಿಲ್ಲ. ಇವರು ಕೇಳಿಲ್ಲ. "ಆ ಮಗು ಸತ್ತೋಗಿದ್ರೆ ನಾನ್ ಯಾವ ಮುಖ ಇಟ್ಕೊಂಡ್ ಹೋಗ್ಲಿ ಮೇಡಂ?"

ಸೆಲ್ವಿಗೆ ಇದ್ಯಾವುದೂ ಗೊತ್ತಿಲ್ಲ. ಆ ಕಾಗದನ ಅವಳು ಚಿಕ್ಕವಳಿದ್ದಾಗಿಂದ ನೋಡಿದಾಳೆ, ಅಮ್ಮನ ಟ್ರಂಕಲ್ಲಿ. ತಮಿಳು ಮಾತಾಡ್ತಾಳೆ, ಓದಕ್ಕೆ ಬರಲ್ಲ, ಓದಿದ್ದೆಲ್ಲ ಕನ್ನಡ ಮೀಡಿಯಂ. ಮನೇಲಿ ಬೇರೆ ಯಾರಿಗೂ ತಮಿಳು ಓದಕ್ಕೆ ಬರ್ದೇ ಇದ್ದಿದ್ದಕ್ಕೆ ಆ ಗುಟ್ಟು ಹಂಗೇ ಉಳ್ಕೊಂಡಿತ್ತು.

ನಾನು ಕೊಟ್ಟ ಸಲಹೆ ಇದು. ಟಿಕೆಟ್ ಈಗಲೇ ಬೇಡ. ಆ ಮಗಳ ವಿಷಯ ಹೋಗೋ ಮುಂಚೆನೇ ಕೇಳಿ, ಅಲ್ಲಿ ಬಾಗಿಲಲ್ಲಿ ನಿಂತು ಬೇಡ. ಬಹಳ ಜನ ಅನ್ಕೊಳ್ಳೋದು ಎದುರೆದುರು ಕೂತ್ರೆ ಎಲ್ಲಾ ಸರಿಹೋಗುತ್ತೆ ಅಂತ. ಐವತ್ತು ವರ್ಷ ಆದ್ಮೇಲೆ ಬಾಗಿಲಿಗೆ ಬಂದ ತಂಗಿನ ಯಾರೂ ಬೈಯಕ್ಕಾಗಲ್ಲ, ಊರೆಲ್ಲಾ ನೋಡೋಕೆ ಬಂದಿರುತ್ತೆ, ಊಟ ಹಾಕ್ಲೇಬೇಕು, ಫೋಟೋಗೆ ನಗ್ಲೇಬೇಕು. ಅಕ್ಕನ ಕೋಪಕ್ಕೆ ಜಾಗನೇ ಇರಲ್ಲ, ಅದು ಇವರು ವಾಪಸ್ ಬಂದ್ಮೇಲೆ ಹೊರಗೆ ಬರುತ್ತೆ, ಆವಾಗ ಸರಿಮಾಡಕ್ಕೆ ಯಾರೂ ಹತ್ರ ಇರಲ್ಲ. ದೂರದಲ್ಲಿದ್ದಾಗಲೇ ಅಕ್ಕಂಗೆ ಬೈಯೋ ಅವಕಾಶ ಕೊಡಿ ಅಂದೆ. ವಿಡಿಯೋ ಬೇಡ, ವಾಯ್ಸ್ ಮೆಸೇಜ್ ಸಾಕು. ಅದನ್ನ ಕೇಳುವಾಗ ಅಕ್ಕನ ಪಕ್ಕ ದೊಡ್ಡ ಮಗ ಕೂತಿರ್ಲಿ, ವಯಸ್ಸಾದೋರು. ಹೇಳೋದರಲ್ಲಿ ಕಾರಣ ಕೊಡ್ಬೇಡಿ, ಅತ್ತೆ ಮಾವ, ಒಂದು ರೂಮು, ಬಡತನ, ಯಾವುದೂ ಬೇಡ, ಅವೆಲ್ಲ ನಿಜನೇ ಆದ್ರೂ ಮೊದಲ ಮಾತಲ್ಲಿ ಬೇಡ. ಕಾಗದ ಬಂತು, ಓದ್ದೆ, ಉತ್ತರ ಬರೀಲಿಲ್ಲ, ಅವಳು ಹೆಂಗಿದಾಳೆ, ಅಷ್ಟು ಮಾತ್ರ. ಮತ್ತೆ ಮಗಳಿಗೆ ಇವತ್ತೇ ಹೇಳಿ, ಮಗಳು ಗೊತ್ತಿಲ್ದೇ ಅಲ್ಲಿ ಹೋಗಿ ದೊಡ್ಡಮ್ಮನ ಆ ಮಗಳ ಹೆಸರೆತ್ತಿದ್ರೆ ಅವಳೂ ಸಿಕ್ಕಿಹಾಕ್ಕೋತಾಳೆ.

ಸೆಲ್ವಿನೂ ಒಂದು ಸಲ ಬೇರೆಯಾಗಿ ಮಾತಾಡಿಸ್ದೆ, ಯಾಕಂದ್ರೆ ಅವಳ ಸಿಟ್ಟು ಟಿಕೆಟ್ ದುಡ್ಡಿಗೆ ಮೀರಿದ್ದು ಅನ್ನಿಸ್ತು. ಸ್ಕೂಲಲ್ಲಿ ಓದ್ತಿದ್ದಾಗ ಅವಳನ್ನ ಸಿಲೋನ್‌ನೋಳು ಅಂತಿದ್ರಂತೆ. ಈಗಲೂ ಸ್ಟಾಫ್ ರೂಮಲ್ಲಿ ನಿಮ್ದು ಯಾವೂರು ಅಂದ್ರೆ ಏನು ಹೇಳ್ಬೇಕೋ ತಿಳಿಯಲ್ಲ ಅವಳಿಗೆ. ಅಲ್ಲಿ ಹೋದ್ರೆ ನಮ್ಮೋರು ಅಂತ ಅಪ್ಕೋತಾರೆ ಅನ್ನೋ ಆಸೆ. ನಾನು ನೇರವಾಗೇ ಹೇಳ್ದೆ, ಅಲ್ಲಿ ನಿನ್ನನ್ನ ಇಂಡಿಯಾದೋಳು ಅಂತಾರೆ, ಪ್ರೀತಿಯಿಂದಲೇ ಅಂತಾರೆ, ಆದ್ರೆ ಅದನ್ನೇ ಅಂತಾರೆ. ನಿನ್ನ ಪ್ರಶ್ನೆ ಸಣ್ಣದಲ್ಲ, ಅದಕ್ಕೆ ಬೇರೆ ಕೂತು ಮಾತಾಡೋಣ, ಅಮ್ಮನ ಈ ಒಂದು ಪ್ರಯಾಣದ ಮೇಲೆ ಅದನ್ನೂ ಹೊರಿಸ್ಬೇಡ. ಅತ್ಲು, ಒಪ್ಕೊಂಡ್ಲು.

ಪಾಸ್‌ಪೋರ್ಟ್ ವಿಷಯದಲ್ಲೂ ಒಂದು ಹೇಳ್ಬೇಕು. ಅರ್ಜಿ ಹಾಕುವಾಗ ಯಾರೋ ಏಜೆಂಟು ಹುಟ್ಟಿದ ಜಾಗ ಮೂಡಿಗೆರೆ ಅಂತ ಬರೆಸಿ, ತಲೆನೋವು ಇರಲ್ಲ ಅಂದಿದ್ನಂತೆ. ಪಾರ್ವತಮ್ಮ ಒಪ್ಪದೆ, ಅಪ್ಪನ ಹಳೇ ಪಾಸ್‌ಪೋರ್ಟು, ಬರುವಾಗ ಕೊಟ್ಟಿದ್ದ ಫ್ಯಾಮಿಲಿ ಕಾರ್ಡು ಎಲ್ಲಾ ತೋರಿಸಿ ಇರೋದನ್ನೇ ಬರೆಸಿದ್ರು. ಬಹಳ ಒಳ್ಳೇದು ಮಾಡಿದ್ರು. ಪಾಸ್‌ಪೋರ್ಟ್ ಅರ್ಜೀಲಿ ಸುಳ್ಳು ಬರೆಸೋದು ಅಪರಾಧ, ಇಂಥ ಕುಟುಂಬದೋರು ಆ ಹಳೇ ಕಾಗದಗಳನ್ನ ದಯವಿಟ್ಟು ಎಸೀಬೇಡಿ.

ವಾಯ್ಸ್ ಮೆಸೇಜ್ ಹೋಯ್ತು. ಆರು ದಿನ ಉತ್ತರ ಇಲ್ಲ. ಪಾರ್ವತಮ್ಮ ದಿನಾ ಫೋನ್ ಹಿಡ್ಕೊಂಡು ಕೂತಿರ್ತಿದ್ರು, ಇನ್ನೊಂದು ಮೆಸೇಜ್ ಕಳಿಸ್ಲಾ ಅಂತ ಸೆಲ್ವಿ ಕೇಳಿದ್ಲು, ಬೇಡ, ಅವರ ಟೈಮ್ ಅವರು ತಗೊಳ್ಲಿ ಅಂದೆ. ಏಳನೇ ದಿನ ಅಕ್ಕನೇ ಕಾಲ್ ಮಾಡಿದ್ರು. ಮಗಳು ಬದುಕಿದಾಳೆ. ಹನ್ನೊಂದನೇ ವಯಸ್ಸಿಗೆ ಸ್ಕೂಲ್ ಬಿಡಿಸಿ ಕೊಲಂಬೋದಲ್ಲಿ ಒಬ್ಬರ ಮನೆಗೆಲಸಕ್ಕೆ ಕಳಿಸಿದ್ರಂತೆ, ಅಲ್ಲಿ ಪಟ್ಟ ಕಷ್ಟನ ಅಕ್ಕ ಪೂರ್ತಿ ಹೇಳ್ಲಿಲ್ಲ. ಆಮೇಲೆ ಗಲ್ಫಿಗೆ ಹೋಗಿ ದುಡಿದು ಬಂದು ಈಗ ಕೊಲಂಬೋ ಹತ್ರ ಇದಾಳೆ. ಚಿಕ್ಕಮ್ಮನ ಜೊತೆ ಮಾತಾಡಲ್ಲ ಅಂದಿದಾಳೆ, ಅದಕ್ಕೇ ತೋರಿಸಿರ್ಲಿಲ್ಲ. ಅಕ್ಕನೂ ಆವತ್ತು ಚೆನ್ನಾಗೇ ಬೈದ್ರು. "ನೀವೆಲ್ಲ ಇಂಡಿಯಾಗೆ ಹೋಗಿ ನೆಮ್ಮದಿಯಾಗಿದ್ರಿ, ನಿಮಗೆ ದೇಶ ಸಿಕ್ತು" ಅಂದ್ರಂತೆ. ಪಾರ್ವತಮ್ಮ ಇಷ್ಟು ವರ್ಷ ಅಂದ್ಕೊಂಡಿದ್ದು ಅಕ್ಕಂಗೆ ಊರು ಸಿಕ್ತು, ನಮಗೆ ಯಾವುದೂ ಸಿಗ್ಲಿಲ್ಲ ಅಂತ. ಇಬ್ಬರಿಗೂ ಇನ್ನೊಬ್ಬರ ಪಾಲೇ ದೊಡ್ಡದಾಗಿ ಕಂಡಿತ್ತು. ಇದು ಬಾಯಿಬಿಟ್ಟು ಹೊರಗೆ ಬಂದ ದಿನದಿಂದ ಪಾರ್ವತಮ್ಮ ನಿದ್ದೆ ಮಾಡಕ್ಕೆ ಶುರು ಮಾಡಿದ್ರು. ಡಾಕ್ಟ್ರು ಬಿಪಿ ಮಾತ್ರೆ ಬದಲಿಸಿದ್ದೂ ಅದೇ ವಾರ, ಅದರ ಪಾಲೂ ಇರುತ್ತೆ.

ಆಮೇಲೆ ಟಿಕೆಟ್ ಆಯ್ತು. ಬೆಂಗಳೂರಿಂದ ಕೊಲಂಬೋ ಸುಮಾರು ಒಂದೂವರೆ ತಾಸು, ಇಟಿಎ ಅನ್ನೋ ಪ್ರವೇಶ ಪರವಾನಗಿನ ಆನ್‌ಲೈನಲ್ಲಿ ಮೊದಲೇ ತಗೊಂಡ್ರು. ಅಣ್ಣನ್ನ ಹಾಸನದಿಂದ ಕರೆಸಿ ದುಡ್ಡಿನ ಮಾತು ಮೂರೂ ಜನರನ್ನ ಕೂರಿಸಿಯೇ ಆಡಿದ್ವಿ. ಅವನ ಆತಂಕ ಸುಳ್ಳಲ್ಲ. ಟೀ ತೋಟದ ದಿನಗೂಲಿ 2021ರಲ್ಲಿ ಅವರ ದುಡ್ಡಲ್ಲಿ 1,000 ರೂಪಾಯಿ, 2024ರಲ್ಲಿ 1,350 ಆಯ್ತು, ನಮ್ಮ ಒಂದು ರೂಪಾಯಿಗೆ ಅಲ್ಲಿ ಮೂರಕ್ಕಿಂತ ಜಾಸ್ತಿ ಬರುತ್ತೆ, 2022ರ ಆರ್ಥಿಕ ಕುಸಿತದಲ್ಲಿ ಅಲ್ಲಿನ ಬಡವರು ಹೊಟ್ಟೆಗಿಲ್ದೇ ಒದ್ದಾಡಿದಾರೆ. ಅವರ ಕಣ್ಣಿಗೆ ಇವರು ಸಾಹುಕಾರ್ರು. ಹಂಗಾಗಿ ಎಷ್ಟು ಕೊಡ್ತೀವಿ ಅಂತ ಇಲ್ಲೇ ತೀರ್ಮಾನ ಮಾಡಿ, ಒಂದೇ ಸಲ, ಅಕ್ಕನ ಕೈಗೇ ಕೊಡಿ, ಅಲ್ಲಿ ಕೂತು ಯಾರ ಮಗನಿಗೂ ಕೆಲಸ ಕೊಡಿಸ್ತೀವಿ ವೀಸಾ ಮಾಡಿಸ್ತೀವಿ ಅಂತ ಮಾತು ಕೊಡ್ಬೇಡಿ ಅಂದೆ. ಮೊದಲ ಎರಡು ರಾತ್ರಿ ಲಾಡ್ಜ್ ಮಾಡ್ದೇ ಅಕ್ಕನ ಲೈನ್ ಮನೇಲೇ ಮಲಗಿ, ಅಲ್ಲಿನ ಗಿರಿಧಾಮ ನುವಾರ ಎಲಿಯ ಸುತ್ತಾಡೋದು ಏನಿದ್ರೂ ಕೊನೆಗೆ. ಆ ಮಗಳನ್ನ ಕರೆಸಿ ಅಂತ ಯಾರ ಹತ್ರನೂ ಒತ್ತಾಯ ಮಾಡ್ಬೇಡಿ. ಅವಳು ಕ್ಷಮಿಸ್ಲೇಬೇಕು ಅಂತೇನಿಲ್ಲ, ಅದು ಅವಳ ಹಕ್ಕು.

ಹೋಗಿ ಹತ್ತು ದಿನ ಇದ್ದು ಬಂದ್ರು. ಆ ಮಗಳು ಬರ್ಲಿಲ್ಲ. ಎಷ್ಟು ದಿನ ಇರ್ತಾರೆ ಅಂತ ಫೋನಲ್ಲಿ ಅಮ್ಮನ್ನ ಕೇಳಿದ್ಲಂತೆ, ಅಷ್ಟೇ. ಪಾರ್ವತಮ್ಮ ಅವಳಿಗೆ ತಮಿಳಲ್ಲಿ ಒಂದು ಕಾಗದ ಬರೆದು ಅಕ್ಕನ ಕೈಲಿ ಕೊಟ್ಟು ಬಂದಿದಾರೆ, ಕೊಡೋದು ಬಿಡೋದು ಅಕ್ಕಂಗೆ ಬಿಟ್ಟಿದ್ದು. ಅಕ್ಕ ತಂಗಿ ಒಂದು ಸಲ ಜಗಳನೂ ಆಡಿದ್ರಂತೆ, ಅಪ್ಪ ಯಾರನ್ನ ಜಾಸ್ತಿ ಹಚ್ಕೊಂಡಿದ್ರು ಅಂತ. ಅದನ್ನ ಹೇಳುವಾಗ ಪಾರ್ವತಮ್ಮ ಮೊದಲ ಸಲ ನನ್ನೆದುರು ನಕ್ಕಿದ್ದು.

ಈಗ ಅಣ್ಣನೇ ಫೋನ್ ಮಾಡಿ, ಅಕ್ಕನ ಮರಿಮಗಳ ಸ್ಕೂಲ್ ಖರ್ಚಿಗೆ ತಿಂಗಳಾ ಸ್ವಲ್ಪ ಕಳಿಸ್ಲಾ ಅಂತ ಕೇಳಿದಾನೆ. ಒಂದು ವರ್ಷಕ್ಕೆ ಅಂತ ಹೇಳಿಯೇ ಶುರು ಮಾಡು, ಬ್ಯಾಂಕ್ ಮೂಲಕವೇ ಕಳಿಸು, ತಂಗಿ ಜೊತೆ ಮಾತಾಡಿ ಮೊತ್ತ ಇಟ್ಕೊಳ್ಳಿ ಅಂದಿದೀನಿ. ಸೆಲ್ವಿ ಮುಂದಿನ ತಿಂಗಳಿಂದ ತನ್ನ ವಿಷಯಕ್ಕೆ ಬರ್ತಿದಾಳೆ.