ಆಪರೇಶನ್ ಆದ್ರ ಉಳೀತಾರೇನ್ರಿ, ಪರ್ಸೆಂಟ್ ಹೇಳ್ರಿ ಅನ್ನೋರಿಗೆ

ಪ್ರಶ್ನೆ (ಯಾದಗಿರಿ): ನಮ್ಮಪ್ಪಗ 71 ವರ್ಷ. ಹೊಟ್ಟ್ಯಾಗಿನ ದೊಡ್ಡ ರಕ್ತನಾಳ 6 ಸೆಂ.ಮೀ. ಉಬ್ಬ್ಯಾದ, ಆಪರೇಶನ್ ಮಾಡಸ್ರಿ ಅಂದಾರ. ಉಳಿಯೋ ಚಾನ್ಸ್ ಎಷ್ಟು ಪರ್ಸೆಂಟ್?

ಉತ್ತರ: ಕಲಬುರಗಿ ಒಪಿಡಿಯಾಗ ವಾರಕ್ಕ ನಾಕ್ ಸಲ ಇದೇ ಪ್ರಶ್ನೆ. ನಾವು ಹೇಳೋ ಪರ್ಸೆಂಟ್ ನಿಮ್ಮಪ್ಪನ ಜಾತಕ ಅಲ್ರಿ, ಅವ್ರಂಥ ನೂರು ಮಂದಿಗೆ ಆಪರೇಶನ್ ಮಾಡಿದ್ರ ಎಷ್ಟು ಮಂದಿಗೆ ತೊಂದ್ರಿ ಆಗ್ತದ ಅನ್ನೋ ಲೆಕ್ಕ, ಆ ನೂರರಾಗ ಇವ್ರು ಯಾವ ಕಡಿ ಅಂತ ಯಾವ ಸ್ಕೋರೂ ಹೇಳಲ್ಲ. 1999ರಾಗ ಬಂದ ಆರು ಪಾಯಿಂಟಿನ ಸ್ಕೋರ್ ಅದ, ದೊಡ್ಡ ಆಪರೇಶನ್, ಹಾರ್ಟ್ ಬ್ಲಾಕ್, ಹಾರ್ಟ್ ಫೇಲ್ಯೂರ್, ಲಕ್ವ, ಇನ್ಸುಲಿನ್ ತಗೊಳ್ಳೋ ಶುಗರ್, ಕಿಡ್ನಿ ಕೆಲಸ ತೋರ್ಸೋ ರಕ್ತದ ಟೆಸ್ಟ್ ಕ್ರಿಯಾಟಿನಿನ್ 2ಕ್ಕಿಂತ ಜಾಸ್ತಿ, ಇಷ್ಟು ನೋಡ್ತದ. ಅದು ಹಾರ್ಟಿಂದಷ್ಟೇ ಹೇಳೋದು, ರಕ್ತನಾಳದ ಪೇಷಂಟಿಗೆ ಇರೋ ಅಪಾಯಕ್ಕಿಂತ ಕಮ್ಮೀನೇ ತೋರಸ್ತದ. ವಯಸ್ಸು, ಪುಪ್ಪುಸ, ಎಚ್‌ಬಿ (ರಕ್ತದಾಗಿನ ಹಿಮೋಗ್ಲೋಬಿನ್), ಮೈಯಾಗಿನ ಕಸುವು ಅದ್ರಾಗ ಇಲ್ಲವೇ ಇಲ್ಲ.

ಮತ್ತ ನೀವು ಮುಚ್ಚಿಟ್ರ ಲೆಕ್ಕಾನೂ ತಪ್ತದ. "ದಿನಾ ಹೊಲಕ್ಕ ಹೋಗ್ತಾರ, ಗಟ್ಟಿ ಅದಾರ್ರಿ" ಅಂದ ಒಬ್ಬ ಮಗ. ಮುತ್ಯಾನ ಹಿಂದ ನಾನೂ ಪಾವಟಿಗಿ ಹತ್ತಿದೆ, ಒಂದ್ ಅಂತಸ್ತು ಮುಗಿಯೋದ್ರಾಗ ಸರಳು ಹಿಡ್ಕೊಂಡು ನಿಂತ್ರು, ಮಾತಾಡಾಕ ದಮ್ಮಿಲ್ಲ, ಅಂಗಿ ಕಿಸ್ಯಾಗ ಬೀಡಿ ಕಟ್ಟು. ಹೊಲಕ್ಕ ಹೋಗೋದು ಮಗನ ಬೈಕ್ ಮ್ಯಾಲಂತ! ಎರಡು ಅಂತಸ್ತು ನಿಲ್ಲದೆ ಹತ್ತತಾರೋ ಇಲ್ಲೋ ಅನ್ನೋದು ನನಗ ದೊಡ್ಡ ಟೆಸ್ಟ್. ಆಪರೇಶನ್ ಮುಂದಕ್ಕ ಹಾಕಿ, ಬೀಡಿ ಬಿಡಿಸಿ, ಎಚ್‌ಬಿ ಏರಿಸಿ, ಸ್ಟ್ಯಾಟಿನ್ ಅನ್ನೋ ಕೊಲೆಸ್ಟ್ರಾಲ್ ಗುಳಿಗಿ ಶುರು ಮಾಡಿ ಆಮ್ಯಾಲ ಕೈ ಹಾಕಿದ್ವಿ. ತಯಾರಿ ಇಲ್ಲದ ಆಪರೇಶನ್ ಅಂದ್ರ ನನಗ ಅಂಜಿಕಿ. ಹಂಗಂತ ತೊಗರಿ ರಾಶಿ ಮುಗೀಲಿ ಅಂತ ನೀವೇ ತಿಂಗಳುಗಟ್ಲೆ ಕೂಡಬ್ಯಾಡ್ರಿ, ಗಂಡಸರಿಗೆ ಉಬ್ಬು 5.5 ಸೆಂ.ಮೀ. ದಾಟಿದ್ರ ಒಡೆಯೋ ಭಯ ಜಾಸ್ತಿ. ಹೊಟ್ಟಿ ಇಲ್ಲಾ ಬೆನ್ನು ಒಮ್ಮೆಲೇ ನೋವು ಹತ್ತಿದ್ರ ಆ ಕ್ಷಣಾನೇ ದವಾಖಾನಿಗೆ ಓಡ್ರಿ.

ಪ್ರಶ್ನೆ (ಬೀದರ್): ಎಕೋ (ಹಾರ್ಟಿನ ಸ್ಕ್ಯಾನ್) ನಾರ್ಮಲ್ ಅದ, ಭಯ ಇಲ್ಲಲ್ಲ?
ಉತ್ತರ: ಎಕೋ ಪಂಪ್ ನೋಡ್ತದ, ಹಾರ್ಟಿನ ನಾಳದ ಬ್ಲಾಕ್ ನೋಡಲ್ಲ.

ಪ್ರಶ್ನೆ (ಕಲಬುರಗಿ): ಕಾಲಿನ ಬೈಪಾಸ್‌ಗಿಂತ ಮೊದಲು ಹಾರ್ಟಿಗೆ ಸ್ಟೆಂಟ್ ಹಾಕಿಸ್ಲಾ?
ಉತ್ತರ: ಹಾರ್ಟಿನ ತೊಂದ್ರಿ ಸ್ಥಿರ ಇದ್ದವ್ರಿಗೆ ಆಯುಷ್ಯ ಹೆಚ್ಚಲಿಲ್ಲ, 2004ರ ಅಮೆರಿಕದ ಟ್ರಯಲ್‌ನಾಗ 510 ಮಂದ್ಯಾಗ ನೋಡ್ಯಾರ. ಎದಿನೋವು ಹೊಸದಾಗಿ ಬಂದಿದ್ರ, ಹೆಚ್ಚಾಗಿದ್ರ ಮಾತು ಬ್ಯಾರೆ.

ಪ್ರಶ್ನೆ (ಯಾದಗಿರಿ): ಉಬ್ಬಿದ ನಾಳಕ್ಕ ಎಣ್ಣಿ ಹಚ್ಚಿ ತಿಕ್ಕಿದ್ರ ಇಳೀತದ ಅಂತ ಒಬ್ರು ಹೇಳ್ಯಾರ, ಖರೇನಾ?
ಉತ್ತರ: ಸುಳ್ಳು. ಹಂಗ ಹೇಳಿ ರೊಕ್ಕ ಕಿತ್ಕೊಳ್ಳೋರಿಗೆ ಇಳಿದ ಸ್ಕ್ಯಾನ್ ಒಂದು ತೋರಸಪ್ಪ ಅನ್ರಿ, ನಿಮ್ಮಪ್ಪನ ಹೊಟ್ಟಿ ಮ್ಯಾಲ ಮಾತ್ರ ಕೈ ಒತ್ತಾಕ ಬಿಡಬ್ಯಾಡ್ರಿ.