ಯಾವ ಕಿಟ್ಟೆಲ್?

ಪ್ರಶ್ನೆ: ಸರ್, ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ನಮ್ಮೂರಿನ ಕಿಟ್ಟೆಲ್ ಕಾಲೇಜಿಗೆ ನಿಘಂಟುಕಾರರ ಹೆಸರು. ಘನಸ್ಥಿತಿ ಭೌತಶಾಸ್ತ್ರದ ಪಠ್ಯದ ಮೇಲೂ ಕಿಟ್ಟೆಲ್ ಎಂದಿದೆ. ಇಬ್ಬರೂ ಒಂದೇ ಮನೆತನದವರೇ? ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯಬೇಕೆಂದಿದ್ದೇನೆ.

ಉತ್ತರ: ಹಾಗೆ ಬರೆಯಬೇಡಿ ತಂಗೀ, ಅಡ್ಡಹೆಸರು ಒಂದೇ ಎಂಬುದು ನಂಟಿಗೆ ಆಧಾರವಾಗುವುದಿಲ್ಲ. ನಿಘಂಟುಕಾರ ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕಡಲಂಚಿನ ಪೂರ್ವ ಫ್ರೀಸ್‌ಲೆಂಡಿನಲ್ಲಿ. ಭೌತಶಾಸ್ತ್ರದ ಪಠ್ಯ ಬರೆದ ಚಾರ್ಲ್ಸ್ ಕಿಟ್ಟೆಲ್ ಹುಟ್ಟಿದ್ದು 1916ರಲ್ಲಿ, ನ್ಯೂಯಾರ್ಕಿನಲ್ಲಿ.

ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನನ್ನ ಮೇಜಿನ ಮೇಲೆ ಈ ಇಬ್ಬರೂ ಅಕ್ಕಪಕ್ಕ ಇದ್ದಾರೆ. ಚಾರ್ಲ್ಸ್ ಅವರ ಪಠ್ಯದ ಮೊದಲ ಮುದ್ರಣ 1953ರದು. ಅವರು ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದರು, 2019ರಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಪಠ್ಯದ ಎರಡನೇ ಅಧ್ಯಾಯದ ವಿಲೋಮ ಜಾಲಕದಲ್ಲಿ (ರೆಸಿಪ್ರೋಕಲ್ ಲ್ಯಾಟಿಸ್) ಬಹಳ ಹುಡುಗರು ಎಡವುತ್ತಾರೆ. ಅಧ್ಯಾಯದ ಕೊನೆಯ ಲೆಕ್ಕಗಳನ್ನು ಕೈಯಾರೆ ಮಾಡಿ, ಆಗ ದಾರಿ ಕಾಣುತ್ತದೆ.

ನಮ್ಮ ಕಿಟ್ಟೆಲ್ಲರ ನಿಘಂಟಿನ ಒಂದು ಪುಟ ತೆರೆದು ನೋಡಿ. ಮೊದಲು ಕನ್ನಡ ಲಿಪಿಯಲ್ಲಿ ಪದ, ಆಮೇಲೆ ರೋಮನ್ ಲಿಪಿಯಲ್ಲಿ ಅದರ ಉಚ್ಚಾರ, ಇಂಗ್ಲಿಷಿನಲ್ಲಿ ಅರ್ಥ, ತಮಿಳು ತೆಲುಗು ತುಳುಗಳ ಸೋದರ ಪದಗಳು. ಅದರ ಬೆನ್ನಿಗೇ ಹಳಗನ್ನಡ ಕಾವ್ಯದ ಪ್ರಯೋಗ ಬರಬಹುದು, ಜನರ ಬಾಯಿಂದ ಕೇಳಿದ ಗಾದೆಯೂ ಬರಬಹುದು. ಕಾವ್ಯದ ಮಾತಿಗೂ ಸಂತೆಯ ಮಾತಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದವರು ಅವರು. ಸುಮಾರು 70,000 ಪದಗಳು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿತು. 1853ರಲ್ಲಿ ಧರ್ಮಪ್ರಚಾರಕ್ಕೆಂದು ಬಂದ ಮನುಷ್ಯ ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. ಧಾರವಾಡದ ಕಾಲೇಜಿಗೆ ಅವರ ಹೆಸರು, ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ, ಎರಡೂ ಈ ದುಡಿಮೆಗೆ ಸಂದದ್ದು.

ಇನ್ನೂ ಕೆಲವು ಕಿಟ್ಟೆಲ್ಲರಿದ್ದಾರೆ. ಸೈಕಲ್ ಸವಾರ ಮಾರ್ಸೆಲ್ ಕಿಟ್ಟೆಲ್ ಟೂರ್ ಡಿ ಫ್ರಾನ್ಸ್‌ನಲ್ಲಿ 14 ಹಂತಗಳನ್ನು ಗೆದ್ದ ಜರ್ಮನ್. ಈಗಿನ ಚೆಕ್ ದೇಶದ ಬೊಹೀಮಿಯಾದ ಯಿಜೆರಾ ಬೆಟ್ಟಸೀಮೆಯಲ್ಲಿ 18ನೇ ಶತಮಾನದ ವೈದ್ಯ ಕಿಟ್ಟೆಲ್ ಬಗ್ಗೆ ಇವತ್ತಿಗೂ ಕತೆ ಹೇಳುತ್ತಾರೆ. ವ್ಯಾಪಾರಸ್ಥರಿಗೆ ಬೇಕಾದವರು ಬೆಲ್ಜಿಯಂನ ಆಕ್ಸೆಲ್ ಕಿಟ್ಟೆಲ್. ಕಂಪ್ಯೂಟರ್ ಬಿಡಿಭಾಗ ಮಾರುತ್ತಿದ್ದ ಒಂದು ಕಂಪನಿ ದಿವಾಳಿಯಾದಾಗ ಅದರ ಲೆಕ್ಕಪತ್ರ ನೋಡಿಕೊಳ್ಳುವ ರಿಸೀವರ್ ಆಗಿದ್ದರು. ಅವರ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2006ರಲ್ಲಿ ತೀರ್ಪು ಕೊಟ್ಟಿತು: ತನ್ನ ಖರೀದಿಗೂ ತೆರಿಗೆ ವಂಚನೆಗೂ ಸಂಬಂಧವಿದೆ ಎಂದು ವ್ಯಾಪಾರಿಗೆ ಗೊತ್ತಿದ್ದರೆ, ಅಥವಾ ಗೊತ್ತಿರಬೇಕಿದ್ದರೆ, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯ ಕಡಿತ) ಇಲ್ಲ. ಬ್ರಿಟನ್ನಿನ ತೆರಿಗೆ ವಕೀಲರಿಗೆ ಕಿಟ್ಟೆಲ್ ಎಂದರೆ ಇದೇ.

ನಾನು ಒತ್ತಿ ಹೇಳಬೇಕಾದದ್ದು ಇನ್ನೊಬ್ಬರ ವಿಷಯ. ಗೆರ್ಹಾರ್ಡ್ ಕಿಟ್ಟೆಲ್ ಕೂಡ ನಿಘಂಟುಕಾರ. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ದೊಡ್ಡ ಕೋಶದ ಸಂಪಾದಕ, ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. 1933ರಲ್ಲಿ ನಾಜಿ ಪಕ್ಷ ಸೇರಿದರು, ಅದೇ ವರ್ಷ ಯಹೂದಿಗಳ ಹಕ್ಕು ಕಿತ್ತುಕೊಳ್ಳಬೇಕೆಂದು ಪುಸ್ತಕ ಬರೆದರು. ಯುದ್ಧ ಮುಗಿದ ಮೇಲೆ ಬಂಧನವಾಯಿತು, 1948ರಲ್ಲಿ ಸತ್ತರು. ನಮ್ಮ ಕಿಟ್ಟೆಲ್ಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದೂ ಟ್ಯೂಬಿಂಗನ್, ಅವರು 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. ಒಂದೇ ಊರು, ಒಂದೇ ಅಡ್ಡಹೆಸರು, ಇಬ್ಬರದೂ ನಿಘಂಟು. ಆತುರದಲ್ಲಿ ಬರೆದರೆ ಒಬ್ಬರ ಕಳಂಕ ಇನ್ನೊಬ್ಬರ ತಲೆಗೆ ಬರುವುದು ಸುಲಭ. ಫರ್ಡಿನೆಂಡ್ ತೀರಿಕೊಂಡಾಗ ಗೆರ್ಹಾರ್ಡ್ 15ರ ಹುಡುಗ. ಅವರ ತಂದೆ ಹೀಬ್ರೂ ಬೈಬಲಿನ ವಿದ್ವಾಂಸ ರುಡಾಲ್ಫ್ ಕಿಟ್ಟೆಲ್, ನಮ್ಮ ಫರ್ಡಿನೆಂಡ್ ಅಲ್ಲ.

ಆದ್ದರಿಂದ ಲೇಖನದಲ್ಲಿ ಪ್ರತಿ ಸಲವೂ ಪೂರ್ತಿ ಹೆಸರು ಹಾಕಿ, ಮೊದಲ ಸಲ ಹುಟ್ಟಿದ ವರ್ಷವನ್ನೂ ಹಾಕಿ. ಫೋಟೋ ಹಾಕುವುದಾದರೆ ಅದು ಯಾವ ಕಿಟ್ಟೆಲ್ಲರದು ಎಂದು ನಿಮ್ಮ ಕನ್ನಡ ಮೇಷ್ಟ್ರಿಗೊಮ್ಮೆ ತೋರಿಸಿ.