ದರ್ಶಿನಿ ಗಲ್ಲಾದಲ್ಲಿ ರದ್ದಾಗೋ ಬಿಲ್‌ಗಳು

ಸರ್, ಕ್ಯಾಷಿಯರ್ ಹುಡುಗ ನಗದು ಬಿಲ್ ರದ್ದು ಮಾಡಿ ದುಡ್ಡು ಜೇಬಿಗಿಳಿಸ್ತಿದ್ದಾನೆ ಅಂತ ಅನುಮಾನ, ಮನೇಲಿ ಕಷ್ಟ ಇರೋದ್ರಿಂದ ಸಂಬಳದಲ್ಲಿ ಹಿಡಿದು ಸುಮ್ಮನಾಗಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಏನೂ ಹಿಡೀಬೇಡಿ.

ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ರದ್ದಾದ ಬಿಲ್‌ಗಳ ವರದಿ ತೆಗೀರಿ; ಸಮಯ, ಲಾಗಿನ್ ಎರಡೂ ನೋಡಿ. ಉದಾಹರಣೆಗೆ, 9:42ಕ್ಕೆ ಎರಡು ಮಸಾಲೆದೋಸೆ ಬಿಲ್ ರದ್ದಾಗಿದ್ದು, ಅದೇ ನಂಬರಿನ ಟೋಕನ್ ದೋಸೆ ಕೌಂಟರಿನ ಮೊಳೆಗೆ ಚುಚ್ಚಿದ್ರೆ, ದೋಸೆ ಹೋಗಿದೆ, ದುಡ್ಡು ಬಂದಿಲ್ಲ ಅಂತರ್ಥ. ಆ ಹೊತ್ತಿನ ಸಿಸಿಟಿವಿ ದೃಶ್ಯ ಇವತ್ತೇ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ, ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡೋ ಡಿವಿಆರ್ ಹಳೇದನ್ನ ತಾನೇ ಅಳಿಸಿಬಿಡುತ್ತೆ. ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸ್ತಿದ್ರೆ ಮಾತ್ರ ಯಾರು ಮಾಡಿದ್ದು ಅಂತ ತೋರಿಸೋದು ಕಷ್ಟ. ಆ ತಪ್ಪು ಅವನದಲ್ಲ, ನಿಮ್ಮದು.

ಆಮೇಲೆ ಲಿಖಿತ ನೋಟಿಸ್ ಕೊಟ್ಟು ಅವನ ಉತ್ತರ ತಗೊಳ್ಳಿ. ವಿವರಣೆಗೆ ಅವಕಾಶ ಕೊಡದೆ ನಷ್ಟವನ್ನ ಸಂಬಳದಲ್ಲಿ ಮುರಿಯೋ ಹಾಗಿಲ್ಲ. ರೂಮಲ್ಲಿ ಕೂಡಿಹಾಕಿ ತಪ್ಪೊಪ್ಪಿಗೆ ಬರೆಸಿದ್ರಂತೂ ಕೇಸು ನಿಮ್ಮ ಮೇಲೇ ತಿರುಗುತ್ತೆ. ಪೊಲೀಸ್ ದೂರು ಸಣ್ಣ ಮಾತಲ್ಲ: ನೌಕರ ಮಾಡೋ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ 306ನೇ ಸೆಕ್ಷನ್‌ನಲ್ಲಿ 7 ವರ್ಷದವರೆಗೆ ಜೈಲಿದೆ. ಸಣ್ಣ ಮೊತ್ತ, ಮೊದಲ ಸಲ ಆಗಿದ್ರೆ ಗಲ್ಲಾದಿಂದ ಎಬ್ಬಿಸಿ ಬೇರೆ ಕೆಲಸಕ್ಕೆ ಹಾಕೋದೇ ವಾಸಿ. ಉಳಿದ ಹುಡುಗರ ಮುಂದೆ ಬೈಬೇಡಿ. ಬಿಲ್ ರದ್ದು ಮಾಡೋ ಪಿನ್ ಇನ್ಮೇಲೆ ನಿಮ್ಮ ಹತ್ರಾನೇ ಇರ್ಲಿ.